ಪ್ರೊಗಳು ನಮ್ಮ ಆಟಕ್ಕೆ ಬಂದರೆ ತಪ್ಪೇನು? (ನೆರವಿಲ್ಲದ ದೂರದ ಸೈಕಲ್ ರೇಸ್‌ಗಳ ಬಗ್ಗೆ)

ರಾತ್ರಿಗಾಲಿ · ಸೋಮವಾರ ರಾತ್ರಿ 9:40

ನಿನ್ನೆ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿ ಟೀ ಅಂಗಡಿ ಮುಂದೆ ಕೂತಾಗ ಹತ್ತಿಕೊಂಡ ಜಗಳ ಇದು. ಅಲ್ಲಿ ಇತ್ಯರ್ಥ ಆಗಲಿಲ್ಲ. ಹಾಗಾಗಿ ಇಲ್ಲಿಗೆ ಎಳೆದು ತಂದಿದ್ದೇನೆ.

ಲಾಕ್ಲನ್ ಮಾರ್ಟನ್ ಹೆಸರು ಇಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಆಸ್ಟ್ರೇಲಿಯಾದವನು, ಇಎಫ್ ಅನ್ನುವ ಸೈಕಲ್ ರೇಸ್ ತಂಡದ ಪ್ರೊ, ಅಂದರೆ ರೇಸೇ ಕಸುಬಾಗಿರುವವನು. ಹಿಂದೆ ಟೀಮ್ ಕಾರು, ಮೆಕ್ಯಾನಿಕ್, ರಾತ್ರಿ ಮಸಾಜು, ದಾರಿ ಬದಿ ಬಾಟಲಿ ಹಿಡಿದು ನಿಲ್ಲುವವರು, ಎಲ್ಲ ಇರುವ ಲೋಕದಿಂದ ಬಂದವನು. 2019ರಲ್ಲಿ ಅವನ ತಂಡವೇ ಅವನನ್ನು ಇವ್ಯಾವುದೂ ಇಲ್ಲದ ರೇಸ್‌ಗಳಿಗೆ ಕಳಿಸಲು ಶುರು ಮಾಡಿತು. ಆ ವರ್ಷ ಬ್ರಿಟನ್ನಿನ ಕೆಳತುದಿಯಿಂದ ಮೇಲಿನ ತುದಿಯವರೆಗೆ ಸುಮಾರು 2,000 ಕಿ.ಮೀ. ಹೋಗುವ ಜಿಬಿಡ್ಯೂರೊ ಗೆದ್ದ. 2020ರಲ್ಲಿ ಸ್ಪೇನ್‌ನ ಬ್ಯಾಡ್‌ಲ್ಯಾಂಡ್ಸ್. 700 ಕಿ.ಮೀ.ಗೂ ಜಾಸ್ತಿ, ಅರ್ಧ ಮರುಭೂಮಿಯಂಥ ಜಾಗ. ಎರಡು ದಿನ ತುಂಬುವ ಮೊದಲೇ ಮುಗಿಸಿದ.

2021ರಲ್ಲಿ ಮಾಡಿದ್ದು ರೇಸೇ ಅಲ್ಲ. ಟೂರ್ ಡಿ ಫ್ರಾನ್ಸ್‌ನ ಇಡೀ ದಾರಿ ಒಬ್ಬನೇ ತುಳಿದ. ಒಂದು ಹಂತ ಮುಗಿದ ಊರಿಂದ ಮುಂದಿನದು ಶುರುವಾಗುವ ಊರಿಗೆ ಉಳಿದವರು ಬಸ್ಸಲ್ಲಿ ಹೋಗುತ್ತಾರಲ್ಲ, ಅದನ್ನೂ ತುಳಿದ. 5,510 ಕಿ.ಮೀ., 18 ದಿನ. ಗುಂಪಿಗಿಂತ 5 ದಿನ ಮೊದಲೇ ಪ್ಯಾರಿಸ್ ಮುಟ್ಟಿದ. ಮಧ್ಯದಲ್ಲಿ ಮಂಡಿ ನೋವು ಅಂತ ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಸಾದಾ ಪೆಡಲ್ ಮೇಲೆ ಹೋದ. (ಈ ಚಪ್ಪಲಿ ವಿಷಯ ಕೇಳಿದಾಗಿನಿಂದ ನಮ್ಮಮ್ಮನಿಗೆ ಅವನ ಮೇಲೆ ವಿಪರೀತ ಗೌರವ. ‘ಆ ಹುಡುಗನಿಗೆ ಬುದ್ಧಿ ಇದೆ, ನಿನ್ನ ಥರ ಹನ್ನೆರಡು ಸಾವಿರದ ಶೂ ಹಾಕಲ್ಲ’ ಅಂತ.)

ನನ್ನ ಗೆಳೆಯನ ವಾದ: ಇದು ಆಫೀಸಿಗೆ ಹೋಗುವವರ, ರಜೆ ಕೂಡಿಟ್ಟುಕೊಂಡು ಬರುವವರ ಆಟ. ಸಂಬಳಕ್ಕೆ ಸೈಕಲ್ ತುಳಿಯುವವನು ಇಲ್ಲಿಗೆ ಬರುವುದು ಶಾಲೆಯ ಮೈದಾನಕ್ಕೆ ರಣಜಿ ಬೌಲರ್ ಬಂದಂತೆ.

ನನ್ನ ವಾದ: ಅವನ ಕಾಲಿನಿಂದ ನನಗೆ ಯಾವ ತೊಂದರೆಯೂ ಇಲ್ಲ. ಅವನು ಸುಸ್ತಾಗಿ ಕೂತಾಗ ಸುತ್ತ ಯಾರಿದ್ದಾರೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ನೀವೇನಂತೀರಿ?


ಸ್ಪ್ರಾಕೆಟ್ ಸೀನ · ಸೋಮವಾರ ರಾತ್ರಿ 10:05

ಆ ಗೆಳೆಯ ನಾನೇ. ರಣಜಿ ಬೌಲರ್ ಮಾತು ನಾನು ಹಾಗೆ ಹೇಳಲಿಲ್ಲ, ಆದರೂ ಇರಲಿ, ಚೆನ್ನಾಗಿದೆ.

ನನ್ನ ತಕರಾರು ಇದು. ಮಾರ್ಟನ್ ಒಳ್ಳೆಯವನೇ. ಸುಳ್ಳು ಹೇಳುವವನಲ್ಲ. 2020ರಲ್ಲಿ ಎವರೆಸ್ಟಿಂಗ್ ಮಾಡಿದ. ಒಂದೇ ಗುಡ್ಡವನ್ನು 8,848 ಮೀಟರ್ ಆಗುವವರೆಗೆ ಹತ್ತಿ ಇಳಿಯುವುದು. ದಾಖಲೆ ಅಂತ ಘೋಷಣೆಯೂ ಆಯಿತು. ಆಮೇಲೆ ಎತ್ತರದ ಲೆಕ್ಕದಲ್ಲಿ ಜಿಪಿಎಸ್ ತಪ್ಪು ಇದೆ ಅಂತ ಗೊತ್ತಾಯಿತು. ಸ್ವಲ್ಪ ದಿನ ಬಿಟ್ಟು ಮತ್ತೆ ಹೋಗಿ ಮೊದಲಿಗಿಂತ ಬೇಗ, ಏಳೂವರೆ ಗಂಟೆಯ ಒಳಗೆ ಮುಗಿಸಿದ. ಅಂಥವನು. ಮನುಷ್ಯನ ಬಗ್ಗೆ ಜಗಳವೇ ಇಲ್ಲ.

ಆದರೆ ಟೂರ್ ಡಿವೈಡ್ ಥರದ ರೇಸ್ ನೋಡಿ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗೆ ಸುಮಾರು 4,400 ಕಿ.ಮೀ. ಹೆಚ್ಚಿನದು ಮಣ್ಣು ರಸ್ತೆ, ಬೆಟ್ಟ. ಪ್ರವೇಶ ಶುಲ್ಕವೂ ಇಲ್ಲ, ಬಹುಮಾನವೂ ಇಲ್ಲ. ಮುಗಿಸಿದವರಿಗೆ ಸಿಗುವುದು ಗಡಿ ಬೇಲಿ ಮುಂದೆ ಒಂದು ಫೋಟೊ. ಅಷ್ಟಕ್ಕೆ ಜನ ಕೆಲಸ ಬಿಟ್ಟು ಬರುತ್ತಾರೆ. ಅಲ್ಲಿಗೆ ವರ್ಷವಿಡೀ ತರಬೇತಿಯೇ ಕೆಲಸ ಆಗಿರುವವನು ಬಂದರೆ ಏನು ಉಳಿಯಿತು? ನಾನು ಬೆಳಿಗ್ಗೆ 5ಕ್ಕೆ ಎದ್ದು ನಂದಿ ಬೆಟ್ಟಕ್ಕೆ ಹೋಗಿ 10ಕ್ಕೆ ಮೀಟಿಂಗಲ್ಲಿ ಆಕಳಿಸುವವನು. ಅವನು ಬೆಳಿಗ್ಗೆ 5ಕ್ಕೆ ಮಲಗಿರುತ್ತಾನೆ, ಯಾಕೆಂದರೆ ನಿದ್ದೆಯೂ ಅವನ ಕೆಲಸದ ಭಾಗ!


ಎಮ್ಮೆಸ್ಪೀಡ್ · ಸೋಮವಾರ ರಾತ್ರಿ 10:12

ಸೀನಣ್ಣ, ನೀವು ಟೂರ್ ಡಿವೈಡ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದು ಮಾರ್ಟನ್‌ನಿಂದ ಮೊದಲ ಸ್ಥಾನ ತಪ್ಪಿತು ಅನ್ನುವ ಥರ ಮಾತಾಡುತ್ತಿದ್ದೀರಿ. 😀


ಚುಕ್ಕಿನೋಡುಗ · ಸೋಮವಾರ ರಾತ್ರಿ 11:30

ನಾನು ಸೈಕಲ್ ತುಳಿಯುವುದಕ್ಕಿಂತ ಟ್ರ್ಯಾಕರ್ ಚುಕ್ಕಿ (ಯಾವ ರೈಡರ್ ಎಲ್ಲಿದ್ದಾನೆ ಅಂತ ನಕ್ಷೆಯಲ್ಲಿ ತೋರಿಸುವುದು) ನೋಡುವುದೇ ಜಾಸ್ತಿ. ಜುಲೈ ತಿಂಗಳಲ್ಲಿ ಮನೆಯವರು ನನ್ನ ಜೊತೆ ಮಾತು ಬಿಡುತ್ತಾರೆ. ಹಾಗಾಗಿ ಲೆಕ್ಕದ ಮಾತು ನಾನು ಹೇಳುತ್ತೇನೆ.

ಟ್ರಾನ್ಸ್‌ಕಾಂಟಿನೆಂಟಲ್ ರೇಸ್. ಯುರೋಪಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಸುಮಾರು 4,000 ಕಿ.ಮೀ. 2023ರಲ್ಲಿ ಆಸ್ಟ್ರಿಯಾದ ಕ್ರಿಸ್ಟೋಫ್ ಸ್ಟ್ರಾಸರ್ ಗೆದ್ದಿದ್ದು 8 ದಿನ 16 ಗಂಟೆ 30 ನಿಮಿಷದಲ್ಲಿ. ಊಟ, ನಿದ್ದೆ, ಪಂಕ್ಚರ್ ಎಲ್ಲ ಸೇರಿಸಿ ಭಾಗಿಸಿ: ಗಂಟೆಗೆ ಸುಮಾರು 19 ಕಿ.ಮೀ. ಟೂರ್ ಡಿ ಫ್ರಾನ್ಸ್ ಸರಾಸರಿ 40 ದಾಟುತ್ತದೆ. 19 ಅಂದರೆ ನಮ್ಮ ಸೀನಣ್ಣ ಭಾನುವಾರ ಹೋಗುವ ವೇಗಕ್ಕಿಂತ ಕಡಿಮೆ. ವ್ಯತ್ಯಾಸ ಇಷ್ಟೇ, ಸೀನಣ್ಣ ಮಸಾಲೆ ದೋಸೆಗೆ ನಿಲ್ಲುತ್ತಾರೆ, ಅವನು ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕ. ದಿನಕ್ಕೆ 18 ಗಂಟೆ, ಗಂಟೆಗೆ 25ರಂತೆ ತುಳಿಯುವ ಒಬ್ಬ ರೈಡರ್ ಇಟ್ಟುಕೊಳ್ಳಿ. ದಿನಕ್ಕೆ 450 ಕಿ.ಮೀ. ಇವನು 25 ಕಿ.ಮೀ. ಜಾಸ್ತಿ ಹೋಗಬೇಕು ಅಂದರೆ ಎರಡು ದಾರಿ. ಒಂದು ಗಂಟೆ ಕಡಿಮೆ ನಿಲ್ಲಬೇಕು. ಇಲ್ಲವೇ ವೇಗವನ್ನು 26.4ಕ್ಕೆ ಏರಿಸಬೇಕು. ಎರಡನೆಯದು ಸುಲಭ ಅಂತ ಕಾಣುತ್ತದೆ, ಅಲ್ವಾ? ಅಲ್ಲ. ಸಮತಟ್ಟು ರಸ್ತೆಯಲ್ಲಿ ನಾವು ಹೋರಾಡುವುದು ಗಾಳಿ ಜೊತೆ. ಗಾಳಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಆ 1.4 ಕಿ.ಮೀ.ಗೆ ಕಾಲು ಸುಮಾರು ಆರನೇ ಒಂದು ಪಾಲು ಜಾಸ್ತಿ ದುಡಿಯಬೇಕು. 18 ಗಂಟೆ. ನಾಳೆ ಮತ್ತೆ. ನಾಡಿದ್ದು ಮತ್ತೆ.

ಪ್ರೊ ಒಬ್ಬ ವರ್ಷಗಟ್ಟಲೆ ಕಲಿತಿರುವುದು ಏನು? ಗುಂಪಿನೊಳಗೆ ಗಾಳಿ ಮರೆಯಲ್ಲಿ ಬಚ್ಚಿಟ್ಟುಕೊಂಡು ಕೊನೆಯಲ್ಲಿ ಹೊರಗೆ ಬರುವುದು. ಇಲ್ಲಿ ಇನ್ನೊಬ್ಬನ ಹಿಂದೆ ಗಾಳಿ ಮರೆ ಪಡೆಯುವುದೇ ನಿಷಿದ್ಧ. ಇಲ್ಲಿ ಬೇಕಾದದ್ದು ಅಂಗಡಿಗೆ ಹೋಗಿ ಏಳು ನಿಮಿಷದಲ್ಲಿ ಹೊರಗೆ ಬರುವುದು, ಬಸ್ ಸ್ಟಾಪಿನ ಬೆಂಚ್ ಮೇಲೆ ಎರಡು ಗಂಟೆ ಮಲಗಿ ಅಲಾರಂಗೆ ನಿಜವಾಗಿ ಏಳುವುದು. ಇದನ್ನು ಯಾವ ಪ್ರೊ ತಂಡವೂ ಕಲಿಸುವುದಿಲ್ಲ.


ಸ್ಪ್ರಾಕೆಟ್ ಸೀನ · ಸೋಮವಾರ ರಾತ್ರಿ 11:41

ನಾನು ದೋಸೆಗೆ ನಿಲ್ಲುವುದು ನಿಜ. ಆದರೆ ಸ್ಟ್ರಾಸರ್ ಕೂಡ ಸೈಕಲ್ ತುಳಿದೇ ಬದುಕುವವನು. ಅಮೆರಿಕ ದಾಟುವ ರಾಮ್ ರೇಸನ್ನು ಆರು ಸಲ ಗೆದ್ದವನು. ಅವನೂ ಪ್ರೊ ತಾನೇ? ಅಂದಮೇಲೆ ನನ್ನ ಮಾತೇ ಸರಿ.


ಮ್ಯೂನಿಕ್ ಮಂಜ · ಮಂಗಳವಾರ ಬೆಳಿಗ್ಗೆ 3:15 (ಇಲ್ಲಿ ಇನ್ನೂ ರಾತ್ರಿ!)

ಇಲ್ಲೇ ಗೊಂದಲ ಇರುವುದು. ‘ಪ್ರೊ’ ಅಂದರೆ ಮೂರು ಥರದವರು.

ಒಂದು, ಮಾರ್ಟನ್ ಥರದವರು. ತಂಡದ ರೇಸಿನಿಂದ ಈ ಕಡೆ ಬಂದವರು. ಎರಡು, ಸ್ಟ್ರಾಸರ್ ಥರದವರು. ದೂರದ ಸೈಕ್ಲಿಂಗೇ ಕಸುಬು, ಆದರೆ ಮೊದಲು ನೆರವಿರುವ ಕಡೆ ಇದ್ದವರು. ರಾಮ್‌ನಲ್ಲಿ ಹಿಂದೆಯೇ ವ್ಯಾನು ಬರುತ್ತದೆ. ಒಳಗೆ ಡ್ರೈವರ್, ಅಡುಗೆ, ಮೆಕ್ಯಾನಿಕ್ ಎಲ್ಲ. ರೈಡರ್‌ಗೆ ತುಳಿಯುವುದು ಬಿಟ್ಟು ಬೇರೆ ಯೋಚನೆ ಇಲ್ಲ. (2017ರಲ್ಲಿ ನಮ್ಮ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಒಬ್ಬರೇ ರೈಡರ್ ಆಗಿ ಮುಗಿಸಿದ ಮೊದಲ ಭಾರತೀಯರಾದರಲ್ಲ, ಅದೂ ಇದೇ ರೇಸು.) ಮೂರು, ಸೋಫಿಯಾನ್ ಸೆಹಿಲಿ ಥರದವರು. ಪ್ಯಾರಿಸ್‌ನಲ್ಲಿ ಸೈಕಲ್ ಮೇಲೆ ಪಾರ್ಸೆಲ್ ಹಂಚುತ್ತಿದ್ದವನು, ಇದೇ ನೆರವಿಲ್ಲದ ರೇಸ್‌ಗಳಲ್ಲಿ ಬೆಳೆದು ಆಮೇಲೆ ಅದನ್ನೇ ಬದುಕು ಮಾಡಿಕೊಂಡವನು. 2022ರ ಟೂರ್ ಡಿವೈಡ್ ಗೆದ್ದವನು ಅವನೇ. ಇವನನ್ನು ಹೊರಗಿನವನು ಅನ್ನುತ್ತೀರಾ ಸೀನಣ್ಣ? ಕೆಲಸದಿಂದಲೇ ಕಾಲು ಬೆಳೆಸಿದವನು.

2023ರಲ್ಲಿ ನಾನು ಬೆಲ್ಜಿಯಂನ ಹೆರಾರ್ಡ್ಸ್‌ಬರ್ಗನ್‌ಗೆ ಹೋಗಿದ್ದೆ, ಟ್ರಾನ್ಸ್‌ಕಾಂಟಿನೆಂಟಲ್ ಶುರುವಾಗುವುದನ್ನು ನೋಡಲಿಕ್ಕೆ. ರಾತ್ರಿ 10ಕ್ಕೆ ಬಿಡುತ್ತಾರೆ. ಕಲ್ಲು ಹಾಸಿನ ಕಡಿದಾದ ಏರು, ಎರಡೂ ಬದಿ ಜನ ಪಂಜು ಹಿಡಿದು ಕೂಗುತ್ತಿದ್ದರು. ನಮ್ಮೂರ ತೇರಿನ ರಾತ್ರಿ ನೆನಪಾಯಿತು. ಶುರುವಿಗೆ ಮುಂಚೆ ಸ್ಟ್ರಾಸರ್ ಯಾವನು ಅಂತ ಹುಡುಕಿದೆ. ಸಿಗಲೇ ಇಲ್ಲ. ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಎಲ್ಲರ ಸೀಟ್ ಕೆಳಗೂ ಅದೇ ಚೀಲ, ಎಲ್ಲರ ಮುಖದಲ್ಲೂ ಪರೀಕ್ಷೆ ದಿನದ ಅದೇ ಹೆದರಿಕೆ.


ಗೇರ್‌ಗೌರಿ · ಮಂಗಳವಾರ ಬೆಳಿಗ್ಗೆ 6:50

ಮಂಜಣ್ಣ, ಚೆನ್ನಾಗಿ ಹೇಳಿದಿರಿ. ಆದರೆ ನಾಲ್ಕನೇ ಥರದವಳನ್ನು ಬಿಟ್ಟಿರಿ. 2019ರಲ್ಲಿ ಅದೇ ಟ್ರಾನ್ಸ್‌ಕಾಂಟಿನೆಂಟಲ್ ಗೆದ್ದವಳು ಫಿಯೋನಾ ಕೋಲ್ಬಿಂಗರ್. ಜರ್ಮನಿಯವಳು, ಆಗ 24 ವರ್ಷ, ಮಾಡುತ್ತಿದ್ದುದು ಕ್ಯಾನ್ಸರ್ ಸಂಶೋಧನೆ. ಅದು ಅವಳ ಮೊದಲ ದೊಡ್ಡ ರೇಸು. ಬಲ್ಗೇರಿಯಾದಿಂದ ಫ್ರಾನ್ಸ್‌ನ ಬ್ರೆಸ್ಟ್‌ವರೆಗೆ 10 ದಿನ 2 ಗಂಟೆ 48 ನಿಮಿಷ. ಹೆಂಗಸರಲ್ಲಿ ಮೊದಲು ಅಲ್ಲ, ಎಲ್ಲರಲ್ಲೂ ಮೊದಲು. ಮಧ್ಯದಲ್ಲಿ ಒಂದು ಚೆಕ್‌ಪಾಯಿಂಟ್‌ನಲ್ಲಿ ಕೂತು ಪಿಯಾನೋ ಬೇರೆ ನುಡಿಸಿದಳು.

ಅದಕ್ಕೂ ಮೂರು ವರ್ಷ ಮುಂಚೆ, 2016ರಲ್ಲಿ, ಅಮೆರಿಕ ದಾಟುವ ಟ್ರಾನ್ಸ್ ಆಮ್ ರೇಸನ್ನು ಲೇಲ್ ವಿಲ್ಕಾಕ್ಸ್ ಗೆದ್ದಳು. ಅಲ್ಲೂ ಎಲ್ಲರಿಗಿಂತ ಮುಂದೆ. ಕೊನೆಯ ರಾತ್ರಿ ಮುಂದಿದ್ದವನು ನಿದ್ದೆಗಣ್ಣಲ್ಲಿ ಎದ್ದು ಉಲ್ಟಾ ದಿಕ್ಕಿಗೆ ತುಳಿಯುತ್ತಾ ಇವಳಿಗೆ ಎದುರು ಸಿಕ್ಕ. ಜೊತೆಯಲ್ಲೇ ಮುಗಿಸೋಣ ಅಂದನಂತೆ. ಇದು ರೇಸಪ್ಪಾ ಅಂತ ಹೇಳಿ ಇವಳು ಹೋಗಿಯೇಬಿಟ್ಟಳು.

ಸಂಬಳದ ಕಾಲು ಗೆಲ್ಲುತ್ತದೆ ಅಂತ ಅಷ್ಟು ಸುಲಭವಾಗಿ ಹೇಳಬೇಡಿ.


ಹೊಸಬ_200 · ಮಂಗಳವಾರ ಬೆಳಿಗ್ಗೆ 8:20

ಎಲ್ಲರಿಗೂ ನಮಸ್ಕಾರ. ಮೊದಲ 200 ಕಿ.ಮೀ. ಬ್ರೆವೆ ಈಗಷ್ಟೇ ಮುಗಿಸಿದ್ದೇನೆ. ದಡ್ಡ ಪ್ರಶ್ನೆ ಆದರೆ ಕ್ಷಮಿಸಿ. ‘ನೆರವಿಲ್ಲ’ ಅಂದರೆ ಏನು? ಅಂಗಡಿಯಲ್ಲಿ ಬಾಳೆಹಣ್ಣು ತಗೊಂಡರೆ ಅದು ನೆರವಲ್ಲವಾ? ಹಳ್ಳಿಯಲ್ಲಿ ಒಬ್ಬ ಅಜ್ಜಿ ಮಜ್ಜಿಗೆ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ನಾನು ಕುಡಿದೆ. ನನ್ನ ಬ್ರೆವೆ ಹೋಯಿತಾ?


ಗೇರ್‌ಗೌರಿ · ಮಂಗಳವಾರ ಬೆಳಿಗ್ಗೆ 9:00

ಹೋಗಿಲ್ಲ ತಮ್ಮಾ, ನೆಮ್ಮದಿಯಾಗಿರಿ.

ದೊಡ್ಡ ರೇಸ್‌ಗಳಲ್ಲಿ ಎಲ್ಲರೂ ಹಿಡಿದಿರುವ ಎಳೆ ಇಷ್ಟು: ಯಾವ ರೈಡರ್ ಬಂದರೂ ಸಿಗುವಂಥದ್ದು ಸರಿ, ನಿಮಗೊಬ್ಬರಿಗೇ ಸಿಗುವಂಥದ್ದು ತಪ್ಪು. ಅಂಗಡಿ, ಹೋಟೆಲ್ ರೂಮು, ಸೈಕಲ್ ಶಾಪು ಎಲ್ಲರಿಗೂ ತೆರೆದಿದೆ. ದುಡ್ಡು ಕೊಟ್ಟು ಎಷ್ಟು ಬೇಕಾದರೂ ತಿನ್ನಿ. ಆದರೆ ದಾರಿಯಲ್ಲಿ ಸಿಗುವ ನೆಂಟರ ಮನೆಯಲ್ಲಿ ಮಲಗುವ ಹಾಗಿಲ್ಲ. ಸ್ನೇಹಿತ ಸ್ಕೂಟರಲ್ಲಿ ಟ್ಯೂಬ್ ತಂದು ಕೊಡುವ ಹಾಗಿಲ್ಲ. ಅಂದರೆ ಎಷ್ಟು ಸುಖ ಸಿಕ್ಕಿತು ಅನ್ನುವುದನ್ನು ನಿಯಮ ಕೇಳುವುದೇ ಇಲ್ಲ. ಆ ಸುಖ ಪಕ್ಕದವನಿಗೂ ಸಿಗುತ್ತಿತ್ತಾ ಅಂತ ಕೇಳುತ್ತದೆ.

ಅಜ್ಜಿ ಮಜ್ಜಿಗೆ ಬೇರೆ. ಯಾರೂ ಮೊದಲೇ ಹೇಳಿಟ್ಟಿರಲಿಲ್ಲ. ನಿಮ್ಮ ಹಿಂದೆ ಬಂದವನಿಗೂ ಆ ಅಜ್ಜಿ ಕೊಡುತ್ತಿದ್ದರು. ಇಂಥ ಉಪಕಾರಕ್ಕೆ ಅಮೆರಿಕದವರು ‘ದಾರಿಯ ಮಾಯೆ’ ಅನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಹೆಸರೇ ಇಟ್ಟಿಲ್ಲ, ಬಿಸಿಲಲ್ಲಿ ಬಂದವನಿಗೆ ನೀರು ಕೊಡುವುದಕ್ಕೆ ಯಾರು ಹೆಸರು ಇಡುತ್ತಾರೆ!

ನಮ್ಮ ಬ್ರೆವೆ ಇನ್ನೂ ಸ್ವಲ್ಪ ಬೇರೆ. ಅದು ರೇಸೇ ಅಲ್ಲ. 200ಕ್ಕೆ 13 ಗಂಟೆ 30 ನಿಮಿಷ, 600ಕ್ಕೆ 40 ಗಂಟೆ, ಅಷ್ಟರೊಳಗೆ ಮುಗಿಸಿದರೆ ಎಲ್ಲರೂ ಒಂದೇ. ಮನೆಯವರ ನೆರವು ಬೇಕಾದರೆ ಕಂಟ್ರೋಲ್‌ನಲ್ಲಿ (ಕಾರ್ಡಿಗೆ ಸೀಲ್ ಹಾಕುವ ಜಾಗ) ಮಾತ್ರ ಪಡೆಯಬಹುದು, ಮಧ್ಯದಲ್ಲಿ ಇಲ್ಲ.


ರಾತ್ರಿಗಾಲಿ · ಮಂಗಳವಾರ ಬೆಳಿಗ್ಗೆ 9:25

ಗೌರಿಯವರೇ, ಕೊನೆಯ ಸಾಲು ಓದಿ ನನ್ನ ಹೊಟ್ಟೆಯೊಳಗೆ ಏನೋ ಕಲಕಿತು. ಒಂದು ತಪ್ಪೊಪ್ಪಿಗೆ ಇದೆ.

ಕೆಲವು ವರ್ಷದ ಹಿಂದೆ ಒಂದು 600. ಚಿತ್ರದುರ್ಗ ಕಡೆಯಿಂದ ವಾಪಸ್ ಬರುತ್ತಿದ್ದೆ. ಹಿರಿಯೂರು ಹತ್ತಿರ ರಾತ್ರಿ ಎರಡು ಗಂಟೆ. ಎದುರುಗಾಳಿ. ಅಲ್ಲಿ ಗಾಳಿಯಂತ್ರ ಯಾಕೆ ನೆಟ್ಟಿದ್ದಾರೆ ಅಂತ ಆವತ್ತು ಮೈಯಿಂದ ಅರ್ಥ ಆಯಿತು. ಗೇರ್ ಕೇಬಲ್ ಬೇರೆ ಕಿತ್ತುಹೋಗಿ ಒಂದೇ ಗೇರಲ್ಲಿ ತುಳಿಯುತ್ತಿದ್ದೆ. ತುಮಕೂರು ದಾಟುವಾಗ ಬೆಳಗಾಗಿತ್ತು. ಸರ್ವಿಸ್ ರಸ್ತೆಯಲ್ಲಿ ನನ್ನ ಹೆಂಡತಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದಳು. ಕೈಯಲ್ಲಿ ಡಬ್ಬಿ. ಚಿತ್ರಾನ್ನ. ನಾನು ಕರೆದಿರಲಿಲ್ಲ. ಬರುತ್ತಾಳೆ ಅಂತ ಗೊತ್ತೂ ಇರಲಿಲ್ಲ.

ತಿಂದೆ. ಪೂರ್ತಿ ತಿಂದೆ. ಕಾರ್ಡಿಗೆ ಸೀಲ್ ಹಾಕಿಸಿ ಪದಕಕ್ಕೂ ದುಡ್ಡು ಕಟ್ಟಿದೆ. ಆ ಪದಕ ಈಗಲೂ ಮೊಳೆಗೆ ನೇತಾಡುತ್ತಿದೆ. ಅದನ್ನು ನೋಡಿದಾಗಲೆಲ್ಲ ಒಗ್ಗರಣೆ ವಾಸನೆ ಬರುತ್ತದೆ.

ಮಾರ್ಟನ್ ವಿಷಯಕ್ಕೆ ನನಗೆ ಇಷ್ಟು ಆಸಕ್ತಿ ಯಾಕೆ ಅಂತ ಈಗ ಗೊತ್ತಾಯಿತಲ್ಲ. ಆ ಡಬ್ಬಿಯಲ್ಲಿ ಇದ್ದಿದ್ದು ಬರೀ ಅನ್ನ ಅಲ್ಲ. ಅವಳನ್ನು ನೋಡುವ ತನಕ ನಾನು ಬಸ್ ಹತ್ತುವ ಯೋಚನೆಯಲ್ಲಿದ್ದೆ.


ಹಳೇಚೈನ್ · ಮಂಗಳವಾರ ಮಧ್ಯಾಹ್ನ 1:10

ಮಕ್ಕಳೇ, ಊಟ ಮುಗಿಸಿ ಓದುತ್ತಾ ಕೂತಿದ್ದೇನೆ. ನಿವೃತ್ತಿಯ ಸುಖ. ಈ ಚಿತ್ರಾನ್ನದ ಪಾಪಕ್ಕೆ ನೂರು ವರ್ಷ ಹಳೆಯ ಜೋಡಿ ಒಂದು ಇದೆ.

1913ರ ಟೂರ್ ಡಿ ಫ್ರಾನ್ಸ್. ಯೂಜೀನ್ ಕ್ರಿಸ್ಟೋಫ್ ಅಂತ ಒಬ್ಬ ಪ್ರೊ. ಗೆಲ್ಲುವ ಹಾದಿಯಲ್ಲಿದ್ದ. ಪಿರನೀಸ್ ಬೆಟ್ಟಗಳಲ್ಲಿ ಟೂರ್‌ಮಲೆ ಘಾಟಿ ಇಳಿಯುವಾಗ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮುರಿಯಿತು. ಆಗಿನ ನಿಯಮ ಏನು ಗೊತ್ತಾ? ಬೇರೆ ಸೈಕಲ್ ತಗೊಳ್ಳುವ ಹಾಗಿಲ್ಲ. ಯಾರ ಸಹಾಯವೂ ಪಡೆಯುವ ಹಾಗಿಲ್ಲ. ರಿಪೇರಿ ತಾನೇ ಮಾಡಬೇಕು. ಆತ ಸೈಕಲ್ ಹೆಗಲ ಮೇಲೆ ಹೊತ್ತು 10 ಕಿ.ಮೀ.ಗಿಂತ ಜಾಸ್ತಿ ನಡೆದು ಸೇಂಟ್ ಮರೀ ದ ಕಾಂಪಾನ್ ಅನ್ನುವ ಹಳ್ಳಿಗೆ ಬಂದ. ಅಲ್ಲೊಂದು ಕಮ್ಮಾರನ ಕುಲುಮೆ. ಕಮ್ಮಾರ ಬಾಯಲ್ಲಿ ಹೇಳಿಕೊಡಬಹುದಿತ್ತು, ಕೈ ಹಚ್ಚುವ ಹಾಗಿರಲಿಲ್ಲ. ರೇಸಿನ ಅಧಿಕಾರಿಗಳು ಪಕ್ಕದಲ್ಲೇ ನಿಂತು ಕಾವಲು. ಕ್ರಿಸ್ಟೋಫ್ ಗಂಟೆಗಟ್ಟಲೆ ಬಡಿದು ತಾನೇ ಬೆಸೆದ. ಆದರೆ ಎರಡೂ ಕೈಯಲ್ಲಿ ಕೆಲಸ ಇದ್ದಾಗ ತಿದಿ ಒತ್ತುವವರು ಯಾರು? ಅಲ್ಲಿದ್ದ ಒಬ್ಬ ಹುಡುಗ ಒತ್ತಿದ. ಅಷ್ಟಕ್ಕೆ 10 ನಿಮಿಷ ದಂಡ! ಆಮೇಲೆ 3ಕ್ಕೆ ಇಳಿಸಿದರು ಅನ್ನಿ.

ನಾನು ಹೇಳುವುದು ಏನೆಂದರೆ, ನೆರವಿಲ್ಲದೆ ತುಳಿಯುವುದು ಆಫೀಸಿನವರು ಕಂಡುಹಿಡಿದ ಆಟ ಅಲ್ಲ ಸೀನ. ಅದು ಪ್ರೊಗಳದ್ದೇ ಆಟ. ಟೀಮ್ ಕಾರು, ಮೆಕ್ಯಾನಿಕ್ ಎಲ್ಲ ಆಮೇಲೆ ಬಂದವು.

ನಾವೆಲ್ಲ ಕನಸು ಕಾಣುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಕೂಡ 1891ರಲ್ಲಿ ರೇಸ್ ಆಗಿಯೇ ಶುರುವಾಯಿತು. ಶಾರ್ಲ್ ಟೆರೋಂ ಅನ್ನುವ ಪ್ರೊ 1,200 ಕಿ.ಮೀ.ಯನ್ನು ಸುಮಾರು 71 ಗಂಟೆಯಲ್ಲಿ ಮುಗಿಸಿದ. ಆಗ ಮುಂದೆ ಗಾಳಿ ಮರೆ ಕೊಡುವ ಪೇಸರ್‌ಗಳು ಇದ್ದರು ಅನ್ನುವುದನ್ನೂ ಹೇಳಬೇಕು. ಪ್ರೊ ರೇಸು 1951ಕ್ಕೆ ನಿಂತುಹೋಯಿತು. ನಮ್ಮ ಥರದವರ ಓಟ ಮುಂದುವರಿಯಿತು. ಈಗ 90 ಗಂಟೆ ಗಡುವು, ನಾಲ್ಕು ವರ್ಷಕ್ಕೊಮ್ಮೆ. ಭಾರತದಿಂದ ನೂರಾರು ಜನ ಹೋಗುತ್ತಾರೆ. ನಾನೂ ಹೋಗಿದ್ದೆ. 88 ಗಂಟೆ. ಟೆರೋಂ ನನ್ನನ್ನು 17 ಗಂಟೆಯಿಂದ ಸೋಲಿಸಿದ, 1891ರ ಸೈಕಲಲ್ಲಿ!

ಬಾಡಿಗೆಗೆ ಬಂದವರು ನಾವು. ಮನೆ ಮಾಲೀಕ ವಾಪಸ್ ಬಂದ ಅಂತ ಜಗಳ ಮಾಡುತ್ತಿದ್ದೇವೆ.


ಎಮ್ಮೆಸ್ಪೀಡ್ · ಮಂಗಳವಾರ ಮಧ್ಯಾಹ್ನ 1:22

ಚೈನ್ ಸರ್, ಆ ತಿದಿ ಒತ್ತಿದ ಹುಡುಗ ಮನೆಗೆ ಹೋಗಿ ಅಪ್ಪನ ಕೈಲಿ ಬೈಸಿಕೊಂಡಿರುತ್ತಾನೆ ಪಾಪ.


ಸ್ಪ್ರಾಕೆಟ್ ಸೀನ · ಮಂಗಳವಾರ ಸಂಜೆ 7:30

ಚೈನ್ ಸರ್ ಹೇಳಿದ ಮೇಲೆ ಕಾಲಿನ ವಾದ ನಾನು ಬಿಡುತ್ತೇನೆ. ಪ್ರೊ ಬರಲಿ. ಆದರೆ ಚಿತ್ರಾನ್ನದ ವಾದ ಬಿಡುವುದಿಲ್ಲ. ಯಾಕೆಂದರೆ ಪ್ರೊ ಬಂದರೆ ಡಬ್ಬಿ ಅವನ ಹಿಂದೆಯೇ ಬರುತ್ತದೆ. ಕ್ಯಾಮೆರಾ ರೂಪದಲ್ಲಿ.

2023ರ ಟೂರ್ ಡಿವೈಡ್ ತಗೊಳ್ಳಿ. ಮಾರ್ಟನ್ 12 ದಿನ 12 ಗಂಟೆ 21 ನಿಮಿಷದಲ್ಲಿ ಮುಗಿಸಿದ. ಅಲ್ಲಿಯವರೆಗಿನ ದಾಖಲೆ ಮೈಕ್ ಹಾಲ್ 2016ರಲ್ಲಿ ಮಾಡಿದ 13 ದಿನ 22 ಗಂಟೆ 51 ನಿಮಿಷ. ಒಂದು ದಿನಕ್ಕಿಂತ ಜಾಸ್ತಿ ಕಡಿಮೆ! ಆದರೆ ಅದು ಗೆಲುವು ಅಂತ ಸೇರಲಿಲ್ಲ. ಜೊತೆಗೆ ಚಿತ್ರ ತೆಗೆಯುವ ತಂಡ ಇತ್ತು, ಟೂರ್ ಡಿವೈಡ್ ನಿಯಮಕ್ಕೆ ಅದು ಒಗ್ಗುವುದಿಲ್ಲ. ಮೊದಲ ಸ್ಥಾನ ಸಿಕ್ಕಿದ್ದು 14 ದಿನ 3 ಗಂಟೆಯಲ್ಲಿ ಬಂದ ಜರ್ಮನಿಯ ಉಲ್ರಿಶ್ ಬಾರ್ಥೊಲ್ಮೋಸ್‌ಗೆ.

ಕ್ಯಾಮೆರಾದವರು ಅವನಿಗೆ ಒಂದು ತೊಟ್ಟು ನೀರೂ ಕೊಟ್ಟಿರಲಿಕ್ಕಿಲ್ಲ. ಅದು ಮುಖ್ಯವೇ ಅಲ್ಲ. ರಾತ್ರಿ ಕರಡಿ ಇರುವ ಕಾಡಿನಲ್ಲಿ ಒಬ್ಬನೇ ಇದ್ದೇನೆ ಅನ್ನುವುದು ಒಂದು. ಮುಂದಿನ ತಿರುವಿನಲ್ಲಿ ಪರಿಚಯದ ಮುಖ ಇದೆ ಅಂತ ಗೊತ್ತಿರುವುದು ಇನ್ನೊಂದು. ರಾತ್ರಿಗಾಲಿ ಬಸ್ ಹತ್ತದೆ ಉಳಿದಿದ್ದು ಅನ್ನದಿಂದಲಾ, ಮುಖದಿಂದಲಾ? ಅವನೇ ಹೇಳಿದ್ದಾನೆ.


ಗೇರ್‌ಗೌರಿ · ಮಂಗಳವಾರ ರಾತ್ರಿ 8:15

ಸೀನಣ್ಣ, ಈ ಸಲ ಒಪ್ಪಿದೆ. ಆದರೆ ಪೂರ್ತಿ ಅಲ್ಲ.

ಕ್ಯಾಮೆರಾ ಬರುವುದು ಪ್ರೊ ಹಿಂದೆ ಮಾತ್ರ ಅಲ್ಲ. 2019ರ ಟೂರ್ ಡಿವೈಡ್‌ನಲ್ಲಿ ಲೇಲ್ ವಿಲ್ಕಾಕ್ಸ್ ಮೇಲೂ ಇದೇ ತಕರಾರು ಬಂತು. ಫೋಟೊ ತೆಗೆಯುತ್ತಿದ್ದವಳು ಅವಳ ಸಂಗಾತಿಯೇ. ಆಗ ಕೆಲವರು ಕೇಳಿದರು: ಮುಂದಿರುವ ಗಂಡಸರ ಚಿತ್ರ ಎಲ್ಲರೂ ತೆಗೆಯುತ್ತಾರೆ, ಹೆಂಗಸರ ಕಥೆ ಯಾರೂ ಹೇಳದಿದ್ದಾಗ ನಾವೇ ಹೇಳಿಕೊಳ್ಳಬಾರದಾ? ಆ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಸರಿಯಾದ ಉತ್ತರ ಇಲ್ಲ. ಅವಳ ಚಿತ್ರ ನೋಡಿಯೇ ನಾನು ಸೈಕಲ್ ಹತ್ತಿದ್ದು. ನಿಯಮ ನೋಡಿ ಅಲ್ಲ.

ಇನ್ನೊಂದು ವಿಷಯ. ಮಾರ್ಟನ್ ಇದನ್ನು ಗುಟ್ಟಾಗಿ ಮಾಡಲಿಲ್ಲ. ಕ್ಯಾಮೆರಾ ಇದೆ, ಹಾಗಾಗಿ ಸ್ಥಾನ ಇಲ್ಲ ಅಂತ ಗೊತ್ತಿದ್ದೇ ಹೊರಟ. ನಮ್ಮಲ್ಲಿ ಎಷ್ಟು ಜನ ಹಾಗೆ ಮೊದಲೇ ಹೇಳುತ್ತೇವೆ? ಒಂದು ಬ್ರೆವೆಯಲ್ಲಿ ಒಬ್ಬರ ಹಿಂದೆ ಇಡೀ ರಾತ್ರಿ ಒಂದು ಕಾರು ಬಂತು. ದೀಪ ಹಾಕಿಕೊಂಡು, ಇಡ್ಲಿ ಕಟ್ಟಿಕೊಂಡು. ಬೆಳಿಗ್ಗೆ ಫೋಟೊ ಕೆಳಗೆ ಬರೆದಿದ್ದು ‘ಒಂಟಿ ಪಯಣ’. ಯಾರು ಅಂತ ಕೇಳಬೇಡಿ, ಹೇಳುವುದಿಲ್ಲ.


ಚುಕ್ಕಿನೋಡುಗ · ಮಂಗಳವಾರ ರಾತ್ರಿ 9:50

ಟೂರ್ ಡಿವೈಡ್ ಕಥೆ 2023ಕ್ಕೆ ಮುಗಿಯಲಿಲ್ಲ. 2024ರಲ್ಲಿ ಲಿಥುವೇನಿಯಾದ ಜಸ್ಟಿನಾಸ್ ಲೆವೈಕಾ 13 ದಿನ 2 ಗಂಟೆಯಲ್ಲಿ ಬಂದು ಹಾಲ್ ಅವರ ದಾಖಲೆ ಮುರಿದ. 2025ರಲ್ಲಿ ಸ್ವಿಟ್ಜರ್‌ಲೆಂಡಿನ ರಾಬಿನ್ ಗೆಂಪರ್ಲೆ 11 ದಿನ 19 ಗಂಟೆ 14 ನಿಮಿಷ! ಮಾರ್ಟನ್‌ಗಿಂತಲೂ 17 ಗಂಟೆ ಕಡಿಮೆ. ದಾರಿ ಪ್ರತಿ ವರ್ಷ ಅಲ್ಲಲ್ಲಿ ಬದಲಾಗುತ್ತದೆ, ಮಣ್ಣು ಒಣಗಿದೆಯಾ ಕೆಸರಾ ಅನ್ನುವುದೂ ಇದೆ. ಹಾಗಾಗಿ ಗಂಟೆಗೆ ಗಂಟೆ ಹೋಲಿಸುವುದು ತಪ್ಪು. ಆದರೂ ಏಳು ವರ್ಷ ಅಲ್ಲಾಡದ ಗೋಡೆ ಒಬ್ಬ ಗುದ್ದಿದ ಮೇಲೆ ಎರಡೇ ವರ್ಷದಲ್ಲಿ ಬಿತ್ತು. ಆಗುತ್ತದೆ ಅಂತ ಒಬ್ಬ ತೋರಿಸಬೇಕಿತ್ತು, ಅಷ್ಟೇ ಅಂತ ನನಗನ್ನಿಸುತ್ತದೆ.


ಹಳೇಚೈನ್ · ಮಂಗಳವಾರ ರಾತ್ರಿ 10:20

ಗೋಡೆ ಬೀಳುವುದು ಸರಿ. ನನಗೆ ಭಯ ಆಗುವುದು ನಿದ್ದೆಯ ವಿಷಯದಲ್ಲಿ.

ಮೈಕ್ ಹಾಲ್ ಹೆಸರು ಬಂತು. ಟ್ರಾನ್ಸ್‌ಕಾಂಟಿನೆಂಟಲ್ ಶುರು ಮಾಡಿದ್ದೇ ಅವರು, 2013ರಲ್ಲಿ, ಲಂಡನ್‌ನಿಂದ ಇಸ್ತಾಂಬುಲ್‌ಗೆ. ಅದಕ್ಕೆ ಮುಂಚೆ ಸೈಕಲ್ ಮೇಲೆ ಭೂಮಿ ಸುತ್ತಿ ಬಂದವರು. 2017ರ ಮಾರ್ಚ್ 31ರ ಬೆಳಗಿನ ಕತ್ತಲಲ್ಲಿ, ಆಸ್ಟ್ರೇಲಿಯಾ ದಾಟುವ ರೇಸಿನಲ್ಲಿ, ಕ್ಯಾನ್‌ಬೆರಾ ಹತ್ತಿರ ಕಾರು ಬಡಿದು ತೀರಿಕೊಂಡರು. ಎರಡನೇ ಸ್ಥಾನದಲ್ಲಿದ್ದರು. ರೇಸು ಅಲ್ಲಿಗೇ ನಿಂತಿತು. ಅದು ಕಾರಿನ ಅಪಘಾತ, ನಿದ್ದೆಯದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹೊತ್ತಲ್ಲಿ ಆ ರಸ್ತೆಯಲ್ಲಿ ಇರುವ ಹಾಗೆ ಮಾಡುವುದು ಈ ಆಟ.

ಪ್ರೊಗೆ ಸ್ಪಾನ್ಸರ್ ಇದ್ದಾರೆ. ಅರ್ಧಕ್ಕೆ ಬಿಟ್ಟರೂ ಅದೂ ಒಂದು ಕಥೆ. ಅವನ ಸಮಯ ನೋಡಿ ನಮ್ಮ ಹುಡುಗರು ರಾತ್ರಿ ಲಾರಿ ಓಡಾಡುವ ಹೆದ್ದಾರಿಯಲ್ಲಿ ನಿದ್ದೆ ಬಿಡುತ್ತಾರೆ, ಸೋಮವಾರ ಕೆಲಸಕ್ಕೂ ಹೋಗುತ್ತಾರೆ. ನಾನೂ ಮಾಡಿದ್ದೇನೆ. ಒಂದು ಸಲ ಶಿರಾ ಹತ್ತಿರ ರಸ್ತೆ ಮಧ್ಯೆ ಎಮ್ಮೆ ಹಿಂಡು ನಿಂತಿದೆ ಅಂತ ಬ್ರೇಕ್ ಹಿಡಿದು ನಿಂತೆ. ಎಮ್ಮೆ ಇರಲಿಲ್ಲ. ರಸ್ತೆ ಖಾಲಿ.


ಎಮ್ಮೆಸ್ಪೀಡ್ · ಮಂಗಳವಾರ ರಾತ್ರಿ 10:24

ಅದು ನಾನೇ ಸರ್, ಮುಂದೆ ಹೋಗುತ್ತಿದ್ದೆ.

(ತಮಾಷೆ ಬಿಟ್ಟು, ನನಗೂ ಹಾಗೇ ಆಗಿದೆ. ಪೆಟ್ರೋಲ್ ಬಂಕ್ ಹಿಂದೆ 20 ನಿಮಿಷ ಮಲಗಿ ಎದ್ದ ಮೇಲೆ ಸರಿ ಹೋಯಿತು. ಹೊಸಬ_200, ಇದನ್ನು ಬರೆದಿಟ್ಟುಕೊಳ್ಳಿ.)


ಶಿರಾ ಕಾಫಿ · ಬುಧವಾರ ಬೆಳಿಗ್ಗೆ 7:05

ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ. ನಮ್ಮೂರ ಹೆಸರು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ಮುಂದಿನ ತಿಂಗಳ 400 ನಮ್ಮ ಮನೆ ಮುಂದೆಯೇ ಹೋಗುತ್ತದೆ, ಸರ್ವಿಸ್ ರಸ್ತೆಗೆ ಹತ್ತೇ ಹೆಜ್ಜೆ. ರಾತ್ರಿಗಾಲಿಯವರು ಬರುತ್ತಾರೆ ಅಂತ ಗೊತ್ತು. ಬಂದರೆ ಒಂದು ಲೋಟ ಫಿಲ್ಟರ್ ಕಾಫಿ ಕೊಡೋಣ ಅಂತ ಮನೆಯಲ್ಲಿ ಹೇಳಿಟ್ಟಿದ್ದೆ. ಈ ಚರ್ಚೆ ಓದಿದ ಮೇಲೆ ಭಯ ಆಗುತ್ತಿದೆ. ಕೊಡಬಹುದಾ?


ಸ್ಪ್ರಾಕೆಟ್ ಸೀನ · ಬುಧವಾರ ಬೆಳಿಗ್ಗೆ 7:30

ಕೇಳದೆ ಕೊಟ್ಟಿದ್ದರೆ ಅಜ್ಜಿ ಮಜ್ಜಿಗೆ. ಇಲ್ಲಿ ಬರೆದುಬಿಟ್ಟಿರಲ್ಲ ಸ್ವಾಮಿ, ಈಗ ಅದು ಮೊದಲೇ ಗೊತ್ತಾದ ನೆರವು. ರಾತ್ರಿಗಾಲಿಗೆ ಕಾಫಿ ಇಲ್ಲ.


ರಾತ್ರಿಗಾಲಿ · ಬುಧವಾರ ಬೆಳಿಗ್ಗೆ 7:34

ಸೀನ, ನೀನು ಮನುಷ್ಯನಾ?


ಗೇರ್‌ಗೌರಿ · ಬುಧವಾರ ಬೆಳಿಗ್ಗೆ 8:00

ದಾರಿ ಇದೆ. ಆಯೋಜಕರನ್ನು ಕೇಳಿ ನಿಮ್ಮ ಮನೆಯನ್ನೇ ಒಂದು ಕಂಟ್ರೋಲ್ ಮಾಡಿಸಿ. ಹೊರಗೆ ಟೇಬಲ್ ಹಾಕಿ, ಸೀಲ್ ಇಟ್ಟುಕೊಳ್ಳಿ. ಆದರೆ ಒಂದು ಷರತ್ತು, ಬಂದವರಿಗೆಲ್ಲ ಕೊಡಬೇಕು. ಮೊದಲು ಬರುವ ರಾತ್ರಿಗಾಲಿಗೂ, ಕೊನೆಗೆ ಬರುವ ಎಮ್ಮೆಸ್ಪೀಡ್‌ಗೂ.


ಶಿರಾ ಕಾಫಿ · ಬುಧವಾರ ಬೆಳಿಗ್ಗೆ 8:20

ಹೆಂಡತಿಯನ್ನು ಕೇಳಿದೆ. ಎಷ್ಟು ಜನ ಅಂದಳು. ನಲವತ್ತು ಇರಬಹುದು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹಾಲಿನವನಿಗೆ ಫೋನ್ ಮಾಡಿ ಆ ದಿನಕ್ಕೆ ಎಂಟು ಲೀಟರ್ ಜಾಸ್ತಿ ಹೇಳಿದಳು.

ಸಕ್ಕರೆ ಬೇಡದವರು ಯಾರ್‍ಯಾರು ಅಂತ ಇಲ್ಲೇ ಕೆಳಗೆ ಬರೆಯಿರಿ.


ಸ್ಪ್ರಾಕೆಟ್ ಸೀನ · ಬುಧವಾರ ಬೆಳಿಗ್ಗೆ 8:21

ನನಗೆ ಸಕ್ಕರೆ ಕಮ್ಮಿ.